ಕೆಮ್ಮಿನ ತಪ್ಪು

ಹ್ಯಾಲಿಫ್ಯಾಕ್ಸಿನ ಉಣ್ಣೆ ಗಿರಣಿಗಳ ಜನಕ್ಕೆ ಕಣ್ಣಿನ ಡಾಕ್ಟರು ಆಂಬ್ರೋಸ್ ಥರ್ಲ್‌ವೆಲ್ಲರ ಕೈಗುಣದ ಮೇಲೆ ಎಲ್ಲಿಲ್ಲದ ನಂಬಿಕೆ. ಮೂವತ್ತು ವರ್ಷ ಪೊರೆ ತೆಗೆದ ಕೈ ಅದು. ದೃಷ್ಟಿ ಮರಳಿದವರು ಊರೆಲ್ಲ ಹೊಗಳುತ್ತಿದ್ದರು. ಮರಳದವರಿಗೆ ಡಾಕ್ಟರ ಬಳಿ ಸಿದ್ಧ ಉತ್ತರವಿತ್ತು. ಪೊರೆ ತೆಗೆದ ಮೇಲೆ ಕಣ್ಣು ಕಟ್ಟಿ, ತಲೆ ಅಲುಗದಂತೆ ಎರಡೂ ಬದಿಗೆ ಮರಳಿನ ಚೀಲ ಒತ್ತಿ ಮಲಗಿಸುತ್ತಿದ್ದರು. ಕೆಮ್ಮಿದರೆ ಗಾಯ ಬಿರಿಯುತ್ತದೆ. ಕಣ್ಣು ಕೀವುಗಟ್ಟಿತೋ, "ನೀನು ಕೆಮ್ಮಿರ್ತೀಯ" ಎನ್ನುತ್ತಿದ್ದರು. ಗಿರಣಿಯ ಧೂಳು ಕುಡಿದ ಎದೆಗಳು ಕೆಮ್ಮದೆ ಇನ್ನೇನು ಮಾಡಿಯಾವು? ಪಾಪ, ತಪ್ಪು ತಮ್ಮದೇ ಎಂದು ತಲೆ ತಗ್ಗಿಸಿ ಹೋಗುತ್ತಿದ್ದರು.

ಡಾಕ್ಟರ ಹೆಮ್ಮೆಯೆಲ್ಲ ಚಾಕುವಿನ ಮೊನೆಯಲ್ಲಿತ್ತು. ಅದನ್ನು ಪರೀಕ್ಷಿಸಲು ಬಳೆಯಗಲದ ಪುಟ್ಟ ತಮಟೆಯೊಂದನ್ನು ಇಟ್ಟುಕೊಂಡಿದ್ದರು. ಅದಕ್ಕೆ ಬಿಗಿದದ್ದು ಹೆಂಡತಿ ಡಾರ್ಕಸಳ ಮದುವೆಯ ಕೈಗವಸಿನ ತೊಗಲು. ತೂತುಬಿದ್ದಲ್ಲಿ ಸರಿಸಿ ಬಿಗಿಯುತ್ತಿದ್ದರೇ ವಿನಾ ಬದಲಿಸುತ್ತಿರಲಿಲ್ಲ. ಮೊನೆ ಸದ್ದಿಲ್ಲದೆ ಇಳಿದರೆ ಸರಿ, ಟಿಕ್ ಎಂದರೆ ಮತ್ತೆ ಸಾಣೆಗೆ.

"ಚಾಕು ಕುದಿಸೋಣ ಡಾಕ್ಟ್ರೇ, ಈಗೆಲ್ಲಾ ಕಡೆ ಕುದಿಸ್ತಾರಂತೆ," ಎಂದು ಹಿರಿಯ ದಾದಿ ಆಗ್ಡೆನ್ ಎಷ್ಟೋ ಸಲ ಹೇಳಿದ್ದಳು.

"ಕುದಿಸೋದು ಆಲೂಗೆಡ್ಡೇನಮ್ಮಾ. ಮೊನೆ ಹೋದ್ರೆ ನೀನು ತಂದ್ಕೊಡ್ತೀಯಾ?"

ಡಾರ್ಕಸಳ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಈಗ ಬಲಗಣ್ಣಿಗೂ ಪೊರೆ ಬಂತು. ಬೇರೆಯವರು ಅದನ್ನು ಮುಟ್ಟಲು ಡಾಕ್ಟರು ಬಿಡಲಿಲ್ಲ. ಇದ್ದ ಒಂದೇ ಕಣ್ಣೆಂದು ಎದೆ ಅಳುಕಿ, ಈ ಸಲ ಮಾತ್ರ ಚಾಕು ಕುದಿಸಲು ಒಪ್ಪಿದರು.

ಕುದಿಸಿದ ಚಾಕು ಕೈಗೆ ಬಂದಾಗ ಮೊನೆ ಮೊಂಡಾಯಿತೇನೋ ಎಂಬ ಹುಳ ತಲೆ ಹೊಕ್ಕಿತು. ಕೈ ತಾನಾಗಿಯೇ ತಮಟೆಯತ್ತ ಹೋಯಿತು. ಮೊನೆ ಸದ್ದಿಲ್ಲದೆ ಇಳಿಯಿತು. ಆಗ್ಡೆನ್ ಬಾಯಿ ತೆರೆಯುವಷ್ಟರಲ್ಲಿ ಅದೇ ಚಾಕು ಡಾರ್ಕಸಳ ಕಣ್ಣಿನಲ್ಲಿತ್ತು.

ಮೂರನೆಯ ದಿನ ಪಟ್ಟಿ ಬಿಚ್ಚಿದರೆ ಕಣ್ಣು ತುಂಬ ಕೀವು. ಆಗ್ಡೆನ್ ತಮಟೆಯನ್ನು ತಂದು ಡಾಕ್ಟರ ಮುಂದೆ ಹಿಡಿದಳು. ಕೊಳೆಗಟ್ಟಿ ಕಲೆಯಾದ ಆ ತೊಗಲನ್ನು ನೋಡಿದಾಗ ಮೂವತ್ತು ವರ್ಷದ ಕೆಮ್ಮೆಲ್ಲ ಅವರಿಗೆ ಒಮ್ಮೆಲೇ ಅರ್ಥವಾಯಿತು.

"ಬೆಳಕೇ ಕಾಣ್ತಿಲ್ಲ," ಎಂದಳು ಡಾರ್ಕಸ್. "ಉಸಿರು ಬಿಗಿಹಿಡ್ಕೊಂಡೇ ಮಲಗಿದ್ದೆ. ನಾನು ಕೆಮ್ಮಿದ್ನಾ, ಆಂಬ್ರೋಸ್?"

ಥೂ, ಆಗಲಾದರೂ ಆ ಬಾಯಿಗೆ ನಿಜ ಬರಬಾರದಿತ್ತೇ?

"ನಿದ್ದೇಲಿ ಕೆಮ್ಮಿರ್ತೀಯ," ಎಂದರು.

ಅವಳು ತಡಕಾಡಿ ಅವರ ಕೈ ಹುಡುಕಿ ಹಿಡಿದುಕೊಂಡಳು.

"ಅಯ್ಯೋ, ನಿಮ್ಮ ಕೆಲಸಾನೆಲ್ಲ ನಾನೇ ಕೆಡಿಸ್ಬಿಟ್ನಲ್ಲಾ. ತಪ್ಪಾಯ್ತು."