ಸೆಮಾರಾಂಗಿನ ಮನೆ ಮತ್ತು ನನ್ನ ಇಪ್ಪತ್ತೆರಡು ಪುಟ

2023ರ ಹೊತ್ತಿಗೆ ನಾನು ನೀರಾವರಿ ಇಲಾಖೆಯಿಂದ ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಲಕ್ಕವಳ್ಳಿ ಅಣೆಕಟ್ಟಿನಲ್ಲಿ ಎಂಜಿನಿಯರ್ ಆಗಿ ಹನ್ನೆರಡು ವರ್ಷ ಕಳೆದವನು, ನಿವೃತ್ತಿಯ ಮೇಲೆ ಕಡೂರಿನಲ್ಲಿ ವ್ಯಾಲ್ಯೂಯರ್ ಎಂದು ಬೋರ್ಡು ಹಾಕಿಕೊಂಡಿದ್ದೆ. ಮನೆ, ನಿವೇಶನ, ತೋಟಗಳನ್ನು ನೋಡಿ, ಅಳೆದು, ಮಾರುಕಟ್ಟೆಯಲ್ಲಿ ಇದಕ್ಕೆ ಇಷ್ಟು ಬೆಲೆ ಎಂದು ರಿಪೋರ್ಟ್ ಬರೆದುಕೊಡುವುದು ವ್ಯಾಲ್ಯೂಯರನ ಕೆಲಸ. ಗಿರಾಕಿಗಳು ಮೊದಲ ಪುಟದಲ್ಲಿರುವ ಅಂಕಿಯನ್ನು ನೋಡುತ್ತಾರೆ, ಮಿಕ್ಕದ್ದನ್ನು ಯಾರೂ ಓದುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ಒಂದು ಕೆಲಸದ ಕಥೆ ಇದು.

ಆ ವರ್ಷ ಅಜ್ಜಂಪುರದ ಮಲ್ಲೇಶಪ್ಪ ನನ್ನ ಆಫೀಸಿಗೆ ಬಂದರು. ಅವರು ಕೊಬ್ಬರಿ ವ್ಯಾಪಾರಿ. ತೆಂಗಿನ ಕಾರ್ಖಾನೆಗಳನ್ನು ನೋಡಲು ವ್ಯಾಪಾರಿಗಳ ಗುಂಪಿನೊಡನೆ ಇಂಡೋನೇಷ್ಯಾಕ್ಕೆ ಹೋಗಿದ್ದರು. ಹೋಗುವಾಗ ಕೊಬ್ಬರಿ ವ್ಯಾಪಾರಿ, ಬರುವಾಗ ಅಂತರರಾಷ್ಟ್ರೀಯ ಹೂಡಿಕೆದಾರ. ಜಾವಾ ದ್ವೀಪದ ಉತ್ತರ ಕರಾವಳಿಯಲ್ಲಿ ಸೆಮಾರಾಂಗ್ ಎಂಬ ನಗರವಿದೆ. ಅದರ ನಡುಮಧ್ಯೆ ಡಚ್ಚರ ಕಾಲದ ಹಳೇ ಪೇಟೆ, ಅಲ್ಲಿ ಪ್ರವಾಸಿಗರ ಓಡಾಟ. ಆ ಪೇಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಮನೆ ಹಿಡಿದು ಗೆಸ್ಟ್‌ಹೌಸ್ ಮಾಡುವುದು ಅವರ ಯೋಜನೆ. ಹೊರದೇಶದವರು ಅಲ್ಲಿ ನೆಲಕ್ಕೆ ಪೂರ್ತಿ ಮಾಲೀಕರಾಗುವಂತಿಲ್ಲವಾದ್ದರಿಂದ ಇಪ್ಪತ್ತೈದು ವರ್ಷದ ಲೀಸ್, ಹಣ ಮಾತ್ರ ಪೂರ್ತಿ ಮುಂಗಡ.

ಹಣ ಅವರದಲ್ಲ. ಅವರ ತಂಗಿ ಹಾಲಮ್ಮ ವಿಧವೆ, ಸಿಂಗಟಗೆರೆಯಲ್ಲಿದ್ದರು. ತಂದೆ ಅವರ ಹೆಸರಿಗೆ ಬರೆದುಕೊಟ್ಟ ಮೂರು ಎಕರೆ ತೆಂಗಿನ ತೋಟವೇ ಅವರ ಊಟ, ಬಟ್ಟೆ, ಔಷಧಿ. ಅದನ್ನು ಮಾರಿ ಮನೆ ಹಿಡಿಯೋಣ, ತಿಂಗಳಾ ತಿಂಗಳಾ ಬಾಡಿಗೆ ಬರುತ್ತದೆ ಎಂದು ಅಣ್ಣ ತಲೆ ತಿಂದಿದ್ದರು. ಆಕೆ ಒಂದೇ ಷರತ್ತು ಹಾಕಿದ್ದರು: "ಡ್ಯಾಮ್ ಇಂಜಿನಿಯರ್ರು ಹೋಗಿ ನೋಡ್ಲಿ. ಅವ್ರು ಸರಿ ಅಂದ್ರೆ ಸೈನ್ ಹಾಕ್ತೀನಿ." ಹಾಗೆ ಮಲ್ಲೇಶಪ್ಪನವರೊಡನೆ, ಅವರದೇ ಖರ್ಚಿನಲ್ಲಿ ವಿಮಾನ ಹತ್ತಿದೆ. ಪರದೇಶದ ಪ್ರಾಪರ್ಟಿಗೆ ರಿಪೋರ್ಟ್ ಬರೆಯುವ ವ್ಯಾಲ್ಯೂಯರ್ ಕಡೂರಿನಲ್ಲಿ ನಾನೊಬ್ಬನೇ ಎಂಬ ಜಂಬವೂ ಜೊತೆಗೆ ಹತ್ತಿತು.

ಅಲ್ಲಿ ಎಂಟು ದಿನ ಅದೇ ಗಲ್ಲಿಯ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಎರಡು ಸ್ಕೂಟರ್ ಎದುರುಬದುರಾದರೆ ಒಂದು ನಿಲ್ಲಬೇಕಾದಷ್ಟು ಕಿರಿದಾದ ಗಲ್ಲಿ. ಮನೆಗಳೆಲ್ಲ ಒತ್ತೊತ್ತಾಗಿದ್ದವು, ಆದರೂ ಜನ ಬಾಗಿಲ ಮುಂದೆ ಕುಂಡಗಳಲ್ಲಿ ಗಿಡ ಬೆಳೆಸಿದ್ದರು, ನಮಗೆ ಕರೆದು ಕಾಫಿ ಕೊಟ್ಟರು. ಲೀಸಿಗಿದ್ದ ಮನೆಯ ಒಡತಿ ಎಪ್ಪತ್ತು ದಾಟಿದ ಬೂ ಸುಮಿ. ಬೂ ಎಂದರೆ ಅವರ ಭಾಷೆಯಲ್ಲಿ ಅಮ್ಮ.

ಮನೆಯ ಬಾಗಿಲು ಐದಡಿ ಒಂದಂಗುಲ. ನಾನು ಟೇಪು ಹಿಡಿದು ನಿಂತಿದ್ದಾಗ ಮಲ್ಲೇಶಪ್ಪ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. "ನೋಡ್ರೀ ಸಂಸ್ಕಾರನಾ! ನಮ್ಮ ಹಳೇ ಮನೆಗಳಂಗೇ. ಬಗ್ಗಿ ಒಳಕ್ ಬರ್ಲಿ ಅಂತ್ಲೇ ಬಾಗಿಲು ಗಿಡ್ಡ ಇಟ್ಟವ್ರೆ."

ಒಳಗೆ ಕಿಟಕಿಯ ತಳ ನೆಲದಿಂದ ಒಂದು ಗೇಣು ಮೇಲಿತ್ತು. ಯಾವ ಸಂಸ್ಕಾರದವರೂ ಕಿಟಕಿಯನ್ನು ಪಾದಕ್ಕೆ ಕಟ್ಟುವುದಿಲ್ಲ. ಹಿತ್ತಿಲಲ್ಲಿ ನೀರಿನ ಡ್ರಮ್ಮಿನ ಪಕ್ಕ ನೆಲ ಒಡೆದಿತ್ತು, ಬಗ್ಗಿ ನೋಡಿದೆ. ಮೇಲೆ ಹೊಳೆಯುವ ಬಿಳಿ ಟೈಲ್ಸ್, ಅದರ ಕೆಳಗೆ ಕಲ್ಲುಮಣ್ಣು, ಅದರ ಕೆಳಗೆ ಮೊಸಾಯಿಕ್, ಮತ್ತೆ ಕಲ್ಲುಮಣ್ಣು, ತೀರಾ ಕೆಳಗೆ ಕೆಂಪು ಇಟ್ಟಿಗೆಯ ನೆಲ. ನಾವು ಎಂಜಿನಿಯರುಗಳು ಇದಕ್ಕೆ ಸೆಟ್ಲ್‌ಮೆಂಟ್ ಎನ್ನುತ್ತೇವೆ. ಕಟ್ಟಡ ಹೊತ್ತ ಭೂಮಿ ನಿಧಾನವಾಗಿ ಕುಸಿಯುವುದು ಎಂದರ್ಥ. ಇಲ್ಲಿ ಬೀದಿಗೆ ಬೀದಿಯೇ ಕುಸಿಯುತ್ತಿತ್ತು. ನೆಲ ಇಳಿದು ನೀರು ಒಳಗೆ ಬಂದಾಗಲೆಲ್ಲ ಮನೆಯವರು ನೆಲ ಏರಿಸಿದ್ದರು, ಬಾಗಿಲನ್ನು ಏರಿಸಲಾಗಿರಲಿಲ್ಲ.

ಬೂ ಸುಮಿ ಏನನ್ನೂ ಮುಚ್ಚಿಡಲಿಲ್ಲ. ನಾನು ಬಗ್ಗಿದ್ದನ್ನು ಕಂಡು ಪಕ್ಕಕ್ಕೆ ಬಂದು, ಅಂಗೈಯನ್ನು ಮೊದಲು ಮೀನಖಂಡಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ ಹಿಡಿದು ಏನೋ ಹೇಳಿದರು. ಎಲ್ಲೆಲ್ಲಿಯವರೆಗೆ ನೀರು ಬಂದಿತ್ತು ಎಂದು ತಿಳಿಯಲು ಭಾಷೆಯೇ ಬೇಕಿರಲಿಲ್ಲ. ಇಂಗ್ಲಿಷ್ ಬಲ್ಲ ದಲ್ಲಾಳಿ ಪಕ್ಕದಲ್ಲೇ ಇದ್ದ, "ಮನೆ ಬಹಳ ಗಟ್ಟಿ ಅನ್ನುತ್ತಿದ್ದಾರೆ" ಎಂದ. ಮಲ್ಲೇಶಪ್ಪ ಅವನನ್ನೂ ಮೀರಿಸಿದರು. "ಮೂರು ಜನ ಮೊಮ್ಮಕ್ಳಂತೆ ಸಾರ್, ಎತ್ತರ ತೋರಿಸ್ತಾವ್ರೆ." ಇಡೀ ವ್ಯವಹಾರದಲ್ಲಿ ಸತ್ಯ ಹೇಳಿದವರು ಆ ಮುದುಕಿ ಒಬ್ಬರೇ, ಅದೂ ಮನೆ ಕೊಡುವವರು.

ಐದನೆಯ ದಿನ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು, ಮಳೆಯ ಸುಳಿವಿಲ್ಲ. ಚರಂಡಿಯಿಂದ ನೀರು ಉಕ್ಕಿ ಗಲ್ಲಿಯಲ್ಲಿ ಪಾದ ಮುಳುಗುವಷ್ಟು ನಿಂತಿತು. ಸಮುದ್ರದ ಉಬ್ಬರದಲ್ಲಿ ಹೀಗೆ ಬರುವ ನೀರಿಗೆ ಅಲ್ಲಿಯವರು ರೋಬ್ ಎನ್ನುತ್ತಾರೆ. ಜನ ಪ್ಯಾಂಟು ಮಡಚಿಕೊಂಡು ಕೆಲಸಕ್ಕೆ ಹೊರಟರು. ನಮ್ಮ ಹೂಡಿಕೆದಾರರ ಮುಖ ಮಾತ್ರ ಅರಳಿತು. "ಮಳೆ ಇಲ್ದೇ ನೀರು! ನಮ್ಮ ಕಡೆ ಎಂಟ್ನೂರು ಅಡಿ ಕೊರ್ಸಿದ್ರೂ ಧೂಳು. ಕೆರೆಗೆ ಇಷ್ಟ್ ಬಂದಿದ್ರೆ ಬಾಗಿನ ಬಿಡ್ತಿದ್ವಿ ಕಣ್ರೀ."

ಬಿಟ್ಟೇಬಿಟ್ಟರು. ಮೊರ ಸಿಗಲಿಲ್ಲವೆಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಹೂವು ಇಟ್ಟು, ಕೆರೆ ತುಂಬಿದಾಗ ಗಂಗೆಗೆ ಅರ್ಪಿಸುವ ಬಾಗಿನವನ್ನು ಉಕ್ಕಿದ ಚರಂಡಿಗೆ ಅರ್ಪಿಸಿದರು. ಗಲ್ಲಿಯವರು ಬಾಯಿಬಿಟ್ಟು ನೋಡಿದರು. ತಟ್ಟೆ ಸ್ವಲ್ಪ ದೂರ ತೇಲಿ ಒಂದು ಸ್ಕೂಟರಿನ ಚಕ್ರಕ್ಕೆ ಸಿಕ್ಕಿಕೊಂಡಿತು. ನಾನು ಬೆರಳದ್ದಿ ನಾಲಿಗೆಗಿಟ್ಟು ನೋಡಿದೆ.

"ಮಲ್ಲೇಶಪ್ಪನೋರೇ, ಇದು ಉಪ್ಪುನೀರು. ನೆಲ ಕುಸೀತಾ ಇದೆ, ಸಮುದ್ರ ಒಳಕ್ಕೆ ಬರ್ತಾ ಇದೆ. ಈ ಮನೆ ಬೇಡ."

"ನೀವು ಡ್ಯಾಮಲ್ಲಿ ಇದ್ದೋರು, ನೀರು ಕಂಡ್ರೆ ಹೆದರ್ಕೆ ನಿಮ್ಗೆ. ಏನಿದ್ರೂ ರಿಪೋರ್ಟಲ್ಲಿ ಬರೀರಿ, ನಾನ್ ನೋಡ್ಕೋತೀನಿ."

ಬರೆದೆ. ಇಂಗ್ಲಿಷಿನಲ್ಲಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ, ಇಪ್ಪತ್ತೆರಡು ಪುಟ. ಮೊದಲ ಪುಟದಲ್ಲಿ ಆ ಊರಿನ ಸದ್ಯದ ದರಕ್ಕೆ ಮನೆಯ ಬೆಲೆ. ಹದಿನೇಳನೆಯ ಪುಟದಲ್ಲಿ ಸೆಟ್ಲ್‌ಮೆಂಟ್, ಉಬ್ಬರದ ನೀರು, ಹೂಡಿಕೆಗೆ ಸೂಕ್ತವಲ್ಲ ಎಂಬ ಅಭಿಪ್ರಾಯ. ವೃತ್ತಿಧರ್ಮ ಪಾಲಿಸಿದೆ ಎಂದು ಬೆನ್ನು ತಟ್ಟಿಕೊಂಡೆ. ರಿಪೋರ್ಟನ್ನು ಫೀಸು ಕೊಟ್ಟ ಮಲ್ಲೇಶಪ್ಪನವರ ಕೈಗಿತ್ತೆ. ಷರತ್ತು ಹಾಕಿದ್ದ ಹೆಂಗಸಿಗೆ ಒಂದು ಫೋನ್ ಮಾಡುವುದು ನನ್ನ ಕೆಲಸವಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಮಲ್ಲೇಶಪ್ಪನವರ ದುಡ್ಡಲ್ಲಿ ವಿಮಾನ ಹತ್ತಿ, ಅವರ ದುಡ್ಡಲ್ಲಿ ಎಂಟು ದಿನ ಉಂಡು ಬಂದವನಿಗೆ ಆ ಫೋನ್ ಮಾಡುವ ಧೈರ್ಯ ಇರಲಿಲ್ಲ. ಅದಕ್ಕೆ ನಾನಿಟ್ಟ ಹೆಸರು ವೃತ್ತಿಧರ್ಮ.

ಮುಂದಿನ ವರ್ಷ ಹಾಲಮ್ಮ ಒಬ್ಬರೇ ಬಸ್ಸಿನಲ್ಲಿ ನನ್ನ ಆಫೀಸಿಗೆ ಬಂದರು. ಅದೇ ರಿಪೋರ್ಟ್ ಅವರ ಕೈಚೀಲದಲ್ಲಿತ್ತು. ತೋಟ ಮಾರಿಯಾಗಿತ್ತು. ಗೆಸ್ಟ್‌ಹೌಸಿಗೆ ಬಣ್ಣ ಬಳಿದ ಮೂರನೇ ತಿಂಗಳಲ್ಲಿ ಕೋಣೆಗಳಿಗೆ ನೀರು ನುಗ್ಗಿತ್ತು. ಬಾಡಿಗೆ ಎಂದು ಒಂದು ಪೈಸೆ ಬಂದಿರಲಿಲ್ಲ, ಲೀಸನ್ನು ಬಿಟ್ಟಿ ಕೊಟ್ಟರೂ ಕೊಳ್ಳುವವರಿರಲಿಲ್ಲ. ಸಮುದ್ರವೇ ಮೋಸ ಮಾಡಿತು ಎಂದು ಅಣ್ಣ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರಂತೆ.

"ಇಂಜಿನಿಯರ್ರು ಒಪ್ಪವ್ರೆ ಅಂತ ಮೊದಲ್ನೇ ಹಾಳೆ ತೋರ್ಸಿ ಸೈನ್ ಹಾಕುಸ್ಕಂಡ ನಮ್ಮಣ್ಣ," ಎಂದರು ಹಾಲಮ್ಮ. "ನೀರಿನ ವಿಷ್ಯ ಇದ್ರಾಗೆ ಬರ್ದಿದ್ರಾ ಸಾರ್?"

ಹದಿನೇಳನೆಯ ಪುಟ ತೆಗೆದು ತೋರಿಸಿದೆ. ಕನ್ನಡದಲ್ಲಿ ಹೇಳಿ ಎಂದರು. "ನೆಲ ಕುಸೀತಿದೆ. ಸಮುದ್ರದ ನೀರು ಮನೆಯೊಳಕ್ಕೆ ಬರುತ್ತೆ. ತಗೋಬೇಡಿ," ಎಂದೆ. ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಮುಗಿದುಹೋಯಿತು.

"ಇಷ್ಟೇನಾ?" ಎಂದು ಅವರು ಪುಟವನ್ನೇ ನೋಡುತ್ತ ಕೂತರು. ಆಮೇಲೆ ಕೇಳಿದರು: "ನಮ್ಮಣ್ಣ ನಿಮ್ ಫೀಸು ಕೊಟ್ನಾ?"

"ಕೊಟ್ಟರು."

"ಪೂರ್ತಿ?"

"ಪೂರ್ತಿ."

"ಹಂಗಾದ್ರೆ ನಿಮ್ ಕೆಲ್ಸ ಆಯ್ತು ಬಿಡಿ," ಎಂದು ರಿಪೋರ್ಟನ್ನು ನನ್ನ ಮೇಜಿನ ಮೇಲೆ ಬಿಟ್ಟು ಎದ್ದು ಹೋದರು.

ಮಲ್ಲೇಶಪ್ಪನವರ ಬಾಗಿನದ ಕಥೆಯನ್ನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೆ, ಅಂದಿನಿಂದ ಹೇಳಿಲ್ಲ. ಅವರಿಗೆ ನೀರು ಕಂಡಿತ್ತು, ಅಪಾಯ ಕಂಡಿರಲಿಲ್ಲ. ನನಗೆ ಎರಡೂ ಕಂಡಿದ್ದವು. ಈಗ ಯಾರೇ ರಿಪೋರ್ಟ್ ಕೇಳಲಿ, ಕಳೆದುಕೊಳ್ಳಬಹುದಾದವರು ಯಾರು ಎಂದು ಮೊದಲು ವಿಚಾರಿಸಿ, ಅವರೆದುರು ಕೂತು ಕನ್ನಡದಲ್ಲಿ ಹೇಳಿದ ಮೇಲೆಯೇ ಸಹಿ ಹಾಕುತ್ತೇನೆ. ಇದನ್ನು ಕಲಿಯಲು ನನಗೆ ನಲವತ್ತು ವರ್ಷದ ನೌಕರಿ ಸಾಲದೆ, ಹಾಲಮ್ಮನ ಮೂರು ಎಕರೆ ಬೇಕಾಯಿತು.