ಐವತ್ತು ಟಿಕೆಟ್ಟಿನ ಸೀಟು

ಆವತ್ತು ಗುಬ್ಬಿಯ ನಮ್ಮ ಮನೆ ಜಗಲಿಯಲ್ಲಿ ಮೂರೇ ಜನ. ಕಂಬಕ್ಕೊರಗಿ ಕೂತ ನಮ್ಮತ್ತೆ, ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದ ನಾನು, ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೇ ನಿಂತ ಬಸ್ ಕಂಡಕ್ಟರ್. ಎಪ್ಪತ್ತರ ದಶಕದ ಕೊನೆ. ನಾನು ಆ ಮನೆಯ ಹೊಸ ಸೊಸೆ. ಮಾವನವರು ತೀರಿಕೊಂಡು ಮೂರು ವಾರವಾಗಿತ್ತು.

ತುಮಕೂರಿನ ಮೇಲೆ ಕುಣಿಗಲ್‌ಗೆ ಹೋಗುತ್ತಿದ್ದ ಆ ಖಾಸಗಿ ಬಸ್ಸಿನ ಮಾಲೀಕರು, ಐವತ್ತು ಹಳೇ ಟಿಕೆಟ್ ಕೂಡಿಸಿ ತಂದವರಿಗೆ ಕುಣಿಗಲ್‌ಗೆ ಹೋಗಿಬರಲು ಎರಡು ಸೀಟು ಪುಕ್ಕಟೆ ಅಂತ ಬೋರ್ಡು ಹಾಕಿಸಿದ್ದರು. ಸೋಮವಾರ ಸೋಮವಾರ ತುಮಕೂರಿಗೆ ವೀಳ್ಯದೆಲೆ ಒಯ್ಯುತ್ತಿದ್ದ ಮಾವ ಒಂದು ಟಿಕೆಟ್ಟನ್ನೂ ಬಿಸಾಡದೆ ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಿದ್ದರು. ಕುಣಿಗಲ್‌ನಲ್ಲಿ ಅತ್ತೆಯ ಅಕ್ಕ ಹಾಸಿಗೆ ಹಿಡಿದಿದ್ದರು. ಈ ಸೀಟಲ್ಲೇ ಕೂರಿಸಿಕೊಂಡು ಹೋಗಿ ತೋರಿಸ್ತೀನಿ ಅಂತ ಅತ್ತೆಗೆ ಮಾತು ಕೊಟ್ಟಿದ್ದ ಮಾವ, ನಲವತ್ತೆಂಟು ಟಿಕೆಟ್ ಆಗುವಷ್ಟರಲ್ಲಿ ತಾವೇ ಹೊರಟುಬಿಟ್ಟರು. ದುಡ್ಡು ಕೊಟ್ಟೇ ಹೋಗಿ ಬಾ ಅಂತ ನನ್ನ ಗಂಡ ಎಷ್ಟು ಹೇಳಿದರೂ ಅತ್ತೆ ಜಗ್ಗಲಿಲ್ಲ. ಅತ್ತ ಅಕ್ಕ ಇವತ್ತೋ ನಾಳೆಯೋ ಅನ್ನುವ ಹಾಗಿದ್ದರು.

ಕಂಡಕ್ಟರ್ ಜೇಬಿನಿಂದ ಎರಡು ಟಿಕೆಟ್ ತೆಗೆದರು. ಮಾವ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿದು ಕಾಫಿಗೆ ಹೋಗುತ್ತಿದ್ದರು; ಇವರು ಟವೆಲು ನೋಡಿಯೇ ಟಿಕೆಟ್ ಹರಿದು ಅದರಡಿ ಸಿಕ್ಕಿಸುತ್ತಿದ್ದರು. ಹೋದ ಎರಡು ಸೋಮವಾರವೂ ಟವೆಲು ಕಂಡು ಕೈ ತಾನಾಗಿ ಹಾಗೇ ಮಾಡಿಬಿಟ್ಟಿತಂತೆ. ತುಮಕೂರಲ್ಲಿ ನೋಡಿದರೆ ಸೀಟಿನ ಮೇಲೆ ಟಿಕೆಟ್ ಮಾತ್ರ.

"ಯಾವ ಟವೆಲು?" ಅತ್ತೆ ಕೇಳಿದರು.

"ಅವ್ರದೇ ಕಣಮ್ಮ. ಹಸಿರು ಅಂಚಿಂದು, ಒಂದು ಮೂಲೆ ಸುಟ್ಟಿರೋದು."

ಮೊರದ ಮೇಲೆ ನನ್ನ ಕೈ ನಿಂತಿತು. ನಮ್ಮಲ್ಲಿ ಹೋದವರನ್ನು ಕೂರಿಸಿಯೇ ಮಣ್ಣು ಮಾಡುವುದು. ಮಾವನನ್ನು ಗುಂಡಿಯಲ್ಲಿ ಕೂರಿಸುವ ಮುಂಚೆ ಅತ್ತೆ ಆ ಟವೆಲನ್ನೇ ಹೆಗಲಿಗೆ ಹಾಕಿ ಕಳಿಸಿದ್ದರು.

ಅತ್ತೆ ಒಳಗಿಂದ ಡಬ್ಬಿ ತಂದು ಆ ಎರಡು ಟಿಕೆಟ್ಟನ್ನೂ ಅದಕ್ಕೆ ಹಾಕಿದರು.

ಸೋಮವಾರ ಹೊರಟೆವು. ಅತ್ತೆ ಕಿಟಕಿ ಪಕ್ಕ ಕೂತರು. ನಾನು ಜೊತೆಗೆ ಕೂರಲು ಹೋದರೆ, "ನೀನು ಬೇರೆ ಟಿಕೆಟ್ ತಗೊಂಡು ಹಿಂದೆ ಕೂತ್ಕೋ ಕಣವ್ವ" ಅಂದರು. ತುಮಕೂರು ದಾಟುವಷ್ಟರಲ್ಲಿ ಬಸ್ಸು ಕಿಕ್ಕಿರಿದಿತ್ತು. ಮಟಮಟ ಮಧ್ಯಾಹ್ನ. ನಿಂತವರು ಯಾರೂ ಆ ಖಾಲಿ ಸೀಟು ಕೇಳಲಿಲ್ಲ. ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಮಾತ್ರ ಬಂದು, "ಯಜಮಾನ್ರೇ, ಒಸಿ ಸರ್ಕೊಳ್ಳಿ" ಅಂದು, ಅಂಚಿಗೆ ಒತ್ತಿಕೊಂಡು ಕೂತಳು. ಅವಳಿಗೂ ಅತ್ತೆಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಕುಣಿಗಲ್‌ವರೆಗೂ ಹಾಗೇ ಇತ್ತು.

ಆ ಸಂಜೆಯೆಲ್ಲ ಅಕ್ಕತಂಗಿ ಕೈ ಕೈ ಹಿಡಿದು ಕೂತಿದ್ದರು. ನಾಲ್ಕನೇ ದಿನ ಅಕ್ಕ ಹೋದರು.

ಮುಂದಿನ ಸೋಮವಾರ ಕಂಡಕ್ಟರ್ ಹೇಳಿ ಕಳಿಸಿದರು. ಸೀಟಿನ ಮೇಲೆ ಟವೆಲು ಇರಲಿಲ್ಲವಂತೆ.