ಸವಾಲ್ ಹಾಕಿದ ಕ್ಯಾಸೆಟ್ಟು

ಕಳೆದ ವಾರ ಇದೇ ಅಂಕಣದಲ್ಲಿ ನಾನೊಂದು ಸಾಲು ಬರೆದಿದ್ದೆ. ‘ನಮ್ಮ ಕಡೆಯ ಗೀಗೀ ಪದವನ್ನು ಊರ ಗಡಿ ದಾಟಿಸಿದ ಮೊದಲ ಹೆಣ್ಣುಮಗಳು ಹಿರೇಕೆರೂರು ಕಡೆಯ ರೇಣುಕಾ.’ ಬರೆಯುವಾಗ ಬಹಳ ಖುಷಿಯಾಗಿತ್ತು. ಮೂರನೇ ದಿನಕ್ಕೆ ಶಿಗ್ಗಾಂವಿಯ ನಮ್ಮ ಮನೆ ಬಾಗಿಲಿಗೆ ಬಂಕಾಪುರದಿಂದ ಒಬ್ಬಾತ ಬಂದು ನಿಂತ. ಫಕೀರವ್ವನ ಅಳಿಯ.

“ನಮ್ಮತ್ತಿ ಕರ್ದಾಳ್ರಿ. ಆ ಪೇಪರ್ ತಗೊಂಡ ಬರಬೇಕಂತ.”

ಹೋದೆ. ಟೇಪ್ ರೆಕಾರ್ಡರ್ ತಗೊಂಡೆ, ರೇಣುಕಾಳ ಕ್ಯಾಸೆಟ್ ತಗೊಂಡೆ, ಪೇಪರ್ ಮಾತ್ರ ಮರೆತೆ. (ಬೇಕಂತಲೇ ಮರೆತೆ. ನಿಮ್ಮ ಹತ್ತಿರ ಮುಚ್ಚಿಡೋದೇನು?)

ಫಕೀರವ್ವ ಯಾರು ಅಂತ ಹೊಸಬರಿಗೆ ಹೇಳಬೇಕು. ಎಪ್ಪತ್ತೊಂದು, ಎಪ್ಪತ್ತೆರಡನೇ ಇಸವಿಯ ಸುಮಾರಿಗೆ, ಓಣಿಗೊಂದು ರೇಡಿಯೋ ಇದ್ದರೆ ಹೆಚ್ಚು ಅನ್ನುವ ಕಾಲದಲ್ಲಿ, ರೇಡಿಯೋದಲ್ಲಿ ಗೀಗೀ ಹಾಡಿ ನಮ್ಮನ್ನೆಲ್ಲ ದಂಗುಬಡಿಸಿದವಳು. ರೇಣುಕಾ ಆಕೆಯ ಶಿಷ್ಯೆ. ಹತ್ತು ವರ್ಷ ಆಕೆಯ ಹಿಂದೆ ನಿಂತು ತುಂತುಣಿ ಮೀಟಿದವಳು. ಎರಡು ವರ್ಷದ ಹಿಂದೆ ಗುರುವಿಗೆ ಒಂದು ಮಾತೂ ಹೇಳದೆ ಹುಬ್ಬಳ್ಳಿಗೆ ಹೋಗಿ ಕ್ಯಾಸೆಟ್ಟಿಗೆ ಹಾಡಿದಳು. ಕ್ಯಾಸೆಟ್ ಹಿಟ್ ಆಯಿತು. ಗುರು-ಶಿಷ್ಯೆ ಮಾತು ಬಿಟ್ಟರು. ಇಷ್ಟೆಲ್ಲ ಗೊತ್ತಿದ್ದೂ ನಾನು ‘ಮೊದಲ’ ಅಂತ ಬರೆದಿದ್ದೆ. ಇದಕ್ಕೆ ಏನನ್ನಬೇಕು?

ಫಕೀರವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

“ಬರ್ರಿ, ಕುಂದರ್ರಿ. ಮೊದಲ್ನೇಕಿ ಯಾರು ಅನ್ನೂದು ಹಿಂದಾಗಡೆ ನೋಡೂಣು. ಆಕಿ ಹ್ಯಾಂಗ ಹಾಡ್ಯಾಳ, ಕೇಳಸ್ರಿ.”

ಹಾನಗಲ್ಲಿನ ಚಾದಂಗಡಿಯಿಂದ ಹಿಡಿದು ಸವಣೂರಿನ ಹಿಟ್ಟಿನ ಗಿರಣಿಯವರೆಗೆ ಎಲ್ಲೆಡೆ ಹಾಡುವ ಆ ಕ್ಯಾಸೆಟ್ಟನ್ನು ಆಕೆ ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ಎಲ್ಲಾದರೂ ಕಿವಿಗೆ ಬಿದ್ದರೆ ಎದ್ದು ಹೋಗುತ್ತಿದ್ದಳಂತೆ.

ಬಟನ್ ಒತ್ತಿದೆ. ಫಕೀರವ್ವ ಕಣ್ಣು ಮುಚ್ಚಿದಳು. ಮೊದಲ ನುಡಿಗೆ ತಲೆದೂಗಿದಳು. ಎರಡನೆಯದಕ್ಕೆ ತುಟಿ ಅಲುಗಿತು. ಮೂರನೆಯ ನುಡಿಯಲ್ಲಿ ರೇಣುಕಾ ಎದುರು ಹಾಡುವವರಿಗೆ ಸವಾಲ್ ಹಾಕುತ್ತಾಳೆ, ಬೀಜ ಮೊದಲೋ, ಹೊಲ ಮೊದಲೋ ಹೇಳಿ ಮುಂದಕ್ಕೆ ನಡೆ ಅಂತ. ಅಷ್ಟು ಕೇಳಿದ್ದೇ ತಡ, ಫಕೀರವ್ವ ದಡಕ್ಕನೆ ಎದ್ದಳು. ಗೂಟಕ್ಕಿದ್ದ ದಪ್ಪು ತಗೊಂಡು ಬಾರಿಸಿದಳು. ಸೆರಗು ಬಿಗಿದು ಜವಾಬ್ ಎತ್ತಿಯೇಬಿಟ್ಟಳು!

ಕ್ಯಾಸೆಟ್ ನಿಲ್ಲುತ್ತದೆಯೇ? ರೇಣುಕಾ ಮುಂದಿನ ನುಡಿಗೆ ಹೋದಳು. ಫಕೀರವ್ವ ದನಿ ಏರಿಸಿದಳು. ಈಕೆಯ ಜವಾಬೂ ತಿಳಿಯಲಿಲ್ಲ, ಆಕೆಯ ನುಡಿಯೂ ತಿಳಿಯಲಿಲ್ಲ. ಕೊನೆಗೆ ಫಕೀರವ್ವನಿಗೆ ದಮ್ಮು ಹತ್ತಿತು. ಕೆಮ್ಮುತ್ತಾ ಕಂಬ ಹಿಡಿದು ನಿಂತಳು.

“ಬಂದ್ ಮಾಡ್ರಿ ಅದನ್ನ! ಸವಾಲ್ ಹಾಕಿದಾಕಿ ದಪ್ಪು ಕೆಳಗಿಟ್ಟು ಕುಂದರಬೇಕು. ಜವಾಬ್ ಬರೂತನಕ ಏಳಬಾರದು. ನಾನ ಕಲಿಸೇನಿ ಆಕಿಗೆ. ಈಗ ನೋಡಿದ್ರ ಹಾಡೂದು ನಿಂದ್ರಸಾಕ ವಲ್ಲಳು!”

ನನಗೆ ನಗು ತಡೆಯಲಾಗಲಿಲ್ಲ. ನಗಬಾರದಿತ್ತು. ನಕ್ಕಿದ್ದಲ್ಲದೆ ವಾದಕ್ಕೂ ಇಳಿದೆ.

“ಅಲ್ಲಬೇ ಯವ್ವಾ, ನೀ ರೇಡಿಯೋದಾಗ ಸವಾಲ್ ಹಾಕಿದಾಗ ಯಾರು ಜವಾಬ್ ಕೊಟ್ಟಿದ್ರು?”

ಫಕೀರವ್ವ ದಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ತನ್ನ ಗುರು ಹನಮಂತಪ್ಪನ ಸುದ್ದಿ ತೆಗೆದಳು. ಮೈಕಿಲ್ಲದೆ, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಊರೂರು ನಡೆದು ಹಾಡಿದ ಮನುಷ್ಯ. ಶಿಷ್ಯೆಯ ಹಾಡು ರೇಡಿಯೋದಲ್ಲಿ ಬಂದ ದಿನ ಸವಣೂರಿನ ಚಾದಂಗಡಿಯಲ್ಲಿ ಕೂತು ಕೇಳುತ್ತಿದ್ದನಂತೆ. ಆಕೆ ಸವಾಲ್ ಹಾಕಿದಳು. ಈತ ಎದ್ದು ನಿಂತು ಜವಾಬ್ ಶುರುಮಾಡಿದ. ರೇಡಿಯೋ ತನ್ನ ಪಾಡಿಗೆ ಹಾಡು ಮುಗಿಸಿ ಹವಾಮಾನ ಹೇಳಿತು. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಸುದ್ದಿ ಕೇಳಿ ನಾನೂ ನಕ್ಕಿದ್ನಿರಿ. ಮುದುಕಗ ತಿಳಿಯಂಗಿಲ್ಲ ಅಂತ. ಜವಾಬ್ ಏನ ಹಾಡಿದ್ಯೋ ಯಪ್ಪಾ ಅಂತ ಒಂದ ಸರ್ತಿ ಕೇಳಬೇಕಿತ್ತು. ನಾಳೆ ಕೇಳೂಣು, ನಾಡದ ಕೇಳೂಣು ಅನ್ನೂದ್ರಾಗ ಹೋಗಿಬಿಟ್ಟ. ನನ್ನ ಸವಾಲಿಗೆ ಜವಾಬ್ ಇತ್ರೀ. ನನಗ ಸಿಗಲಿಲ್ಲ.”

ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಹಳ ನಾಚಿಕೆಯಾಯಿತು.

ಈ ಮೂವರಲ್ಲಿ ದೊಡ್ಡವರು ಯಾರು? ನಾವು ಹೋಟೆಲಿನಲ್ಲಿ ಕೂತು ದಿನಾ ಕೊಚ್ಚುವ ವಾದ ಇದೇ. ಹಳಬರ ದನಿ ಈಗಿನವರಿಗೆಲ್ಲಿ ಅನ್ನುವುದು ಸುಲಭ. ಆದರೆ ನನ್ನ ಹೆಂಡತಿ ಒಂದು ಗೀಗೀ ಪದವನ್ನು ಪೂರ್ತಿ ಕೇಳಿದ್ದೇ ಕ್ಯಾಸೆಟ್ಟಿನಲ್ಲಿ. ಬಯಲಲ್ಲಿ ಗಂಡಸರ ನಡುವೆ ಆಕೆಯನ್ನು ಕೂರಲು ಬಿಟ್ಟವರು ಯಾರು? ಹನಮಂತಪ್ಪನ ಕಾಲು ಮುಟ್ಟದ ಊರಿಗೆ ಫಕೀರವ್ವನ ರೇಡಿಯೋ ಹೋಯಿತು. ರೇಡಿಯೋ ಕೇಳಲು ಪುರುಸೊತ್ತಿಲ್ಲದವರ ಅಡುಗೆಮನೆಗೆ ರೇಣುಕಾ ಹೋದಳು. ಒಬ್ಬೊಬ್ಬರೂ ಹಿಂದಿನವರಿಗಿಂತ ದೂರ ಹೋಗಿದ್ದಾರೆ. ಹೋದಷ್ಟೂ ಎದುರಿಗೆ ಕೂತವರು ಕಡಿಮೆಯಾಗಿದ್ದಾರೆ, ಅದೂ ಖರೆ.

“ಮೊದಲ್ನೇಕಿ ನೀನ ಅಂತ ತಿದ್ದುಪಡಿ ಹಾಕ್ತೇನಿ,” ಅಂದೆ.

“ಅದನ್ನ ತಗೊಂಡ ನಾ ಏನ ಮಾಡ್ಲಿ? ಛಲೋ ಹಾಡ್ಯಾಳ ಹುಡುಗಿ. ನನಗಿಂತ ಒಂದ ಕೈ ಮ್ಯಾಲ. ಡಾಕ್ಟರ್ ನನಗ ಇನ್ನ ಹಾಡಬ್ಯಾಡ ಅಂದಾನ. ಈ ಗಂಟಲ ಇನ್ನೆಷ್ಟ ದಿನ ಇರತೈತೋ.”

“ಹಂಗಾದ್ರ ಜವಾಬ್ ನನಗರ ಹೇಳು, ಬರ್ಕೋತೇನಿ. ಇಲ್ಲಾ ಟೇಪಿಗೆ ಹಾಡು.”

ಫಕೀರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಸವಾಲ್ ನೀವ ಹಾಕೀರೇನು? ಹಾಕಿದಾಕಿ ಬರ್ಲಿ. ನಿಮ್ಮ ಪೇಪರ್ ಓದತಾಳಂತಲ್ಲ, ಬರೀರಿ.”

ಅದಕ್ಕೇ ಇಷ್ಟು ಬರೆದೆ. ಉಳಿದ ಓದುಗರು ಕ್ಷಮಿಸಬೇಕು, ಇದು ಒಬ್ಬಳಿಗೆ ಬರೆದ ಅಂಕಣ.

ರೇಣುಕಾ, ಫಕೀರವ್ವ ಜವಾಬಿಗೆ ಎದ್ದು ನಿಂತಿದ್ದಾಳೆ. ನೀನು ಎದುರಿಗೆ ಬಂದು ಕೂರುವುದು ಯಾವಾಗ?